ಕೊಟ್ಟಿಗೆಯ ಸೂರಿನಲ್ಲಿದ್ದ ತಟ್ಟೆ

ಪ್ರಶ್ನೆ: ಅಜ್ಜಂಪುರದ ಹತ್ತಿರ ನಮ್ಮದೊಂದು ಹಳೆಯ ತೊಟ್ಟಿಮನೆ. ಸೋರುತ್ತದೆಂದು ಕಳೆದ ಬೇಸಿಗೆಯಲ್ಲಿ ಬಿಚ್ಚಿಸಿದೆವು. ಅಟ್ಟದಿಂದ ಒಂದು ಗೋಡೆ ಗಡಿಯಾರ, ಒಂದು ಗ್ಯಾಸ್‌ಲೈಟು, ಅಜ್ಜಿಯ ಸಿಂಗರ್ ಮಿಷನ್ನು, ಕಾಫಿ ಬೀಜ ಪುಡಿ ಮಾಡುವ ಕೈಯಂತ್ರ ಇಳಿದವು. ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದ್ದ ನೀಲಿ ಅಂಚಿನ ಬಿಳಿ ತಟ್ಟೆಯೂ ಒಂದು ಸಿಕ್ಕಿತು. ಅದರ ತಳದಲ್ಲಿ ‘ಮೇಡ್ ಇನ್ ಝೆಕೊಸ್ಲೊವಾಕಿಯಾ’ ಎಂದಿದೆ. ಮಗಳ ಮನೆಗೆಂದು ಬರ್ಲಿನ್‌ಗೆ ಹೋಗಿದ್ದಾಗ ಇಂಥ ಸಾಮಾನುಗಳನ್ನೇ ಒಂದು ಮ್ಯೂಸಿಯಮ್ಮಿನಲ್ಲಿ ಗಾಜಿನ ಬೀರುಗಳ ಒಳಗೆ ಸಾಲಾಗಿ ಇಟ್ಟಿದ್ದನ್ನು ನೋಡಿದ್ದೆ. ಇಲ್ಲಿ ಗುಜರಿಯವನು ಎಲ್ಲ ಸೇರಿ ಒಂದೂವರೆ ಸಾವಿರ ಎನ್ನುತ್ತಿದ್ದಾನೆ. ಇವೆಲ್ಲ ನಮ್ಮೂರಿಗೆ ಹೇಗೆ ಬಂದವು? ಮ್ಯೂಸಿಯಮ್ಮಿನಲ್ಲಿ ಇಡುವಂಥವೇ ಇವು?
ಓದುಗರೊಬ್ಬರು, ಅಜ್ಜಂಪುರ

ಉತ್ತರ: ಗುಜರಿಯವನಿಗೆ ಮುಂದಿನ ತಿಂಗಳು ಬಾ ಎಂದುಬಿಡಿ. ಅವನು ಹೇಳಿದ ರೇಟು ಕಡಿಮೆಯಾಯಿತೆಂದಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಆ ಸಾಮಾನುಗಳ ಮೇಲೆಯೇ ಬರೆದಿದೆ. ಓದುವವರೆಗೆ ಅವು ಮನೆಯಲ್ಲಿರಲಿ.

ಬಂದದ್ದು ಹೇಗೆ ಎಂಬುದು ಸುಲಭ: ರೈಲಿನಲ್ಲಿ. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ಮೀಟರ್ ಗೇಜ್ ದಾರಿ 1889ರಲ್ಲಿ ಮುಗಿಯಿತು. ಕಡೂರು, ಬೀರೂರು, ಅಜ್ಜಂಪುರ ಮೂರೂ ಅದರ ಮೇಲಿನ ನಿಲ್ದಾಣಗಳು. ಹತ್ತು ವರ್ಷ ಕಳೆದು, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗದ ಕಡೆಗೆ ಕವಲೊಡೆದಾಗ ತರೀಕೆರೆಗೂ ರೈಲು ಬಂತು. ಆಮೇಲೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇನ್ನೂ ಸಣ್ಣ ಹಳಿಯ ಗಾಡಿ ಕಾಡೊಳಕ್ಕೆ ಹೊಕ್ಕಿತು. ಆಗ ನಮ್ಮದು ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು ಬಂದದ್ದು 1947ರಲ್ಲಿ. ಅಡಿಕೆ, ಕೊಬ್ಬರಿ, ಕಾಫಿ, ಮರದ ದಿಮ್ಮಿ ಈ ಕಡೆಯಿಂದ ಹೋದವು. ಆ ಕಡೆಯಿಂದ ಬಂದವುಗಳಿಗೆ ನಮ್ಮವರು ಒಂದೇ ಪೂರ್ವಪದ ಇಟ್ಟರು: ಸೀಮೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ, ಕೊನೆಗೆ ಸೀಮೆಗೊಬ್ಬರ. ಯಾವ ಸೀಮೆ ಎಂದು ಯಾರೂ ಕೇಳಲಿಲ್ಲ. ನಮ್ಮದಲ್ಲದ ಸೀಮೆ, ಅಷ್ಟೆ. ಅಲ್ಯೂಮಿನಿಯಂ ಪಾತ್ರೆಗೆ ಎಷ್ಟೋ ಊರುಗಳಲ್ಲಿ ಇಂದಿಗೂ ‘ಜರ್ಮನ್ ಪಾತ್ರೆ’ ಎನ್ನುತ್ತಾರೆ, ಅದು ಎಲ್ಲೇ ತಯಾರಾಗಿದ್ದರೂ.

ಯಾವ ಸೀಮೆ ಎಂದು ಕೇಳಿದವರು ಇಂಗ್ಲಿಷರು. ಜರ್ಮನಿಯ ಅಗ್ಗದ ಚಾಕು, ಕತ್ತರಿಗಳು ಇಂಗ್ಲೆಂಡಿನ ಸಾಮಾನಿನ ಸೋಗು ಹಾಕಿ ಬರುತ್ತಿವೆಯೆಂದು 1887ರಲ್ಲಿ ಒಂದು ಕಾನೂನು ತಂದು, ಪರದೇಶದ ಸರಕಿನ ಮೇಲೆ ಹುಟ್ಟಿದ ದೇಶದ ಹೆಸರು ಇರಲೇಬೇಕೆಂದು ಕಟ್ಟುಮಾಡಿದರು. ಎರಡು ವರ್ಷದಲ್ಲಿ ಭಾರತಕ್ಕೂ ಅಂಥದೇ ಕಾನೂನು ಬಂತು. ಅವಮಾನ ಮಾಡಲೆಂದು ಹಾಕಿಸಿದ ‘ಮೇಡ್ ಇನ್ ಜರ್ಮನಿ’ ಮುದ್ರೆಯೇ ಮುಂದೆ ನಮ್ಮ ಅಜ್ಜಂದಿರ ಬಾಯಲ್ಲಿ ಗಟ್ಟಿ ಮಾಲಿನ ಗುರುತಾಯಿತು. ಈ ಮುದ್ರೆಗಳಿಂದ ನಿಮಗಿರುವ ಉಪಯೋಗ ಬೇರೆ. ದೇಶಗಳು ಹುಟ್ಟಿ ಸಾಯುತ್ತವೆ, ಹಾಗಾಗಿ ಮುದ್ರೆಯೇ ತಾರೀಖು. ಝೆಕೊಸ್ಲೊವಾಕಿಯಾ ಎಂಬ ದೇಶ ಹುಟ್ಟಿದ್ದು 1918ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ಅದೇ ಕಾರ್ಖಾನೆಯ ತಟ್ಟೆಯ ತಳದಲ್ಲಿ ‘ಆಸ್ಟ್ರಿಯಾ’ ಎಂದಿರುತ್ತಿತ್ತು. 1939ರಲ್ಲಿ ಹಿಟ್ಲರ್ ಅದನ್ನು ನುಂಗಿದ. ಯುದ್ಧದ ಮೇಲೆ ದೇಶ ಮತ್ತೆ ಎದ್ದಿತಾದರೂ ನಮ್ಮ ಸಂತೆಗಳಿಗೆ ಪರದೇಶದ ತಟ್ಟೆ ಮೊದಲಿನಂತೆ ಬರಲಿಲ್ಲ. ನಿಮ್ಮದು ಆ ನಡುವಿನ ಇಪ್ಪತ್ತು ವರ್ಷದ್ದೇ ಇರಬೇಕು. ‘ವೆಸ್ಟ್ ಜರ್ಮನಿ’ ಎಂದಿರುವ ಸಾಮಾನು ಸಿಕ್ಕರೆ ಅದು 1949ರ ಈಚಿನದು, ಅಜ್ಜನ ಕಾಲದ್ದೆಂದು ಯಾರು ಆಣೆ ಮಾಡಿದರೂ.

ಈಗ ಗಡಿಯಾರದ ಬಾಗಿಲು ತೆಗೆಯಿರಿ. ಮುಖದ ಮೇಲೆ ಎಂಟು ಮೂಲೆಯ ನಕ್ಷತ್ರ, ಅದರೊಳಗೆ ಇಂಗ್ಲಿಷಿನ ‘ಜೆ’ ಅಕ್ಷರ ಇದ್ದರೆ ಅದು ಯುಂಗ್‌ಹಾನ್ಸ್. ಜರ್ಮನಿಯ ಕಪ್ಪುಕಾಡಿನ ಷ್ರಾಂಬರ್ಗ್ ಎಂಬ ಊರಲ್ಲಿ 1861ರಲ್ಲಿ ಶುರುವಾಗಿ, ಇಪ್ಪತ್ತನೆಯ ಶತಮಾನ ಕಣ್ಣುಬಿಡುವ ಹೊತ್ತಿಗೆ ಲೋಕದಲ್ಲೇ ದೊಡ್ಡ ಗಡಿಯಾರದ ಕಾರ್ಖಾನೆ ಎನಿಸಿಕೊಂಡದ್ದು. ನಕ್ಷತ್ರದ ಬದಲು ಅಡ್ಡಡ್ಡ ಇಟ್ಟ ಎರಡು ಬಾಣಗಳಿದ್ದರೆ ಅದೇ ಊರಿನ ಇನ್ನೊಂದು ಕಂಪನಿ. ಕೀಲಿ ಕೊಡುವ ತೂತು ಎರಡಿರುತ್ತವೆ, ಒಂದು ನಡೆಯುವುದಕ್ಕೆ, ಇನ್ನೊಂದು ಗಂಟೆ ಹೊಡೆಯುವುದಕ್ಕೆ. ಇದನ್ನೆಲ್ಲ ಯಾವ ಪುಸ್ತಕವಾದರೂ ಹೇಳುತ್ತದೆ. ಪುಸ್ತಕದಲ್ಲಿ ಇಲ್ಲದ್ದು ಹಿಂಬದಿಯ ಹಿತ್ತಾಳೆ ತಗಡಿನ ಮೇಲಿದೆ. ಲೋಲಕ ಬಿಚ್ಚಿಟ್ಟು, ಟಾರ್ಚು ಹಿಡಿದು ಓರೆಯಾಗಿ ನೋಡಿ. ಗಡಿಯಾರ ರಿಪೇರಿಯವರು ಪ್ರತಿಸಲ ಎಣ್ಣೆ ಹಾಕಿದಾಗ ಸೂಜಿಮೊನೆಯಲ್ಲಿ ಒಂದು ತಾರೀಖು, ಒಂದು ಊರಿನ ಹೆಸರು ಗೀರಿಟ್ಟಿರುತ್ತಾರೆ. ನಾನು ನೋಡಿದ ಒಂದರಲ್ಲಿ ಹಾಗೆ ಹನ್ನೊಂದು ಗೀರುಗಳಿದ್ದವು. ಒಂದು ಮನೆತನ ಎಷ್ಟು ವರ್ಷಕ್ಕೊಮ್ಮೆ ದುಡ್ಡು ಕಂಡಿತ್ತು ಎಂಬುದನ್ನೂ ಅದರಿಂದ ಲೆಕ್ಕ ಹಾಕಬಹುದಿತ್ತು. ಹಿತ್ತಾಳೆ ಹೊಳೆಯಲೆಂದು ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟೀರಿ, ಜೋಕೆ!

ಗಡಿಯಾರ ಹಳ್ಳಿಗೆ ಬೇಕಾದದ್ದೇ ರೈಲಿನಿಂದ. ಗಳಿಗೆ, ಜಾವ, ನೆರಳಿನ ಅಡಿ ಸಾಕಾಗಿದ್ದ ಊರಿಗೆ ಗಾಡಿ ತಪ್ಪುವ ಭಯ ಬಂತು. 1906ರ ಜನವರಿ 1ಕ್ಕೆ ಇಡೀ ದೇಶಕ್ಕೆ ಒಂದೇ ಹೊತ್ತು ಗೊತ್ತಾಗುವವರೆಗೆ ರೈಲಿನದು ಮದರಾಸಿನ ಹೊತ್ತು. ಅಜ್ಜಂಪುರದ ಸೂರ್ಯನಿಗೆ ಇವೆರಡೂ ಒಗ್ಗುವುದಿಲ್ಲ. ಇಂದಿಗೂ ನಮ್ಮ ಕೈಗಡಿಯಾರ ಹನ್ನೆರಡು ತೋರಿಸುವಾಗ ಅಲ್ಲಿ ನೆತ್ತಿಗೆ ಬಿಸಿಲು ಬರಲು ಸುಮಾರು 26 ನಿಮಿಷ ಬಾಕಿ ಇರುತ್ತದೆ. ನಿಮ್ಮ ಗಡಿಯಾರ ಮೊದಲ ದಿನದಿಂದಲೂ ಬೇರೆ ಊರಿನ ಹೊತ್ತನ್ನೇ ಹೊಡೆಯುತ್ತ ಬಂದಿದೆ.

ನೀವು ಬರ್ಲಿನ್‌ನಲ್ಲಿ ನೋಡಿದ್ದು ‘ಮ್ಯೂಸಿಯಂ ಡೆರ್ ಡಿಂಗೆ’ ಇರಬೇಕು. ಹಾಗೆಂದರೆ ‘ಸಾಮಾನುಗಳ ಮ್ಯೂಸಿಯಂ’. ರಾಜರದ್ದಲ್ಲ, ಪೂಜೆಯದ್ದಲ್ಲ, ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಹೊರಬಂದ ದಿನಬಳಕೆಯ ಸಾಮಾನುಗಳನ್ನು ಕೂಡಿಡುವ ಜಾಗ. ಅದರ ಬೇರು 1907ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ವೆರ್ಕ್‌ಬುಂಡ್ ಎಂಬ ಕೂಟದಲ್ಲಿದೆ. ವಾಸ್ತುಶಿಲ್ಪಿಗಳು, ಕುಶಲಕರ್ಮಿಗಳು, ಕಾರ್ಖಾನೆಯವರು ಸೇರಿ ಕಟ್ಟಿದ್ದು. ಅವರಿಗೆ ಒಂದು ಹಳೆಯ ಗಾಯವಿತ್ತು. 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೆ ಹೋಗಿದ್ದ ಅವರದೇ ದೇಶದ ರಾಯ್ಲೊ ಎಂಬ ಎಂಜಿನಿಯರು, ನಮ್ಮ ಮಾಲು ಅಗ್ಗ, ಕಳಪೆ ಎಂದು ಊರಿಗೇ ಕೇಳುವಂತೆ ಬರೆದಿದ್ದ. ಹೀಗಾಗಿ ವೆರ್ಕ್‌ಬುಂಡ್‌ನವರಿಗೆ ಸುಳ್ಳು ಅಲಂಕಾರ ಎಂದರೆ ಆಗದು. ಮರದಂತೆ ಬಣ್ಣ ಬಳಿದ ತಗಡು, ಕೆತ್ತನೆಯಂತೆ ಕಾಣುವ ಅಚ್ಚು, ಇವೆಲ್ಲ ಪಾಪ. 1909ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಪಾಟ್ಸೌರೆಕ್ ಎಂಬ ಮ್ಯೂಸಿಯಂ ಅಧಿಕಾರಿ ಕೆಟ್ಟ ಅಭಿರುಚಿಯ ಸಾಮಾನಿಗೆಂದೇ ಒಂದು ವಿಭಾಗ ತೆರೆದ, ಜನ ನೋಡಿ ನಾಚಿಕೊಳ್ಳಲಿ ಎಂದು.

ನಿಮ್ಮ ಗಡಿಯಾರದ ನೆತ್ತಿಯಲ್ಲಿ ಕಿರೀಟ, ಎರಡು ಪಕ್ಕ ಕಡೆದ ಕಂಬ, ಕೆಳಗೆ ಜೋಲುವ ಗುಬುಟು ಇದ್ದರೆ ಅದು ಪಾಟ್ಸೌರೆಕ್ ಮುಖ ಸಿಂಡರಿಸುವಂಥ ಮಾಲೇ. ಆ ಕಂಬಗಳು ಏನನ್ನೂ ಹೊತ್ತಿಲ್ಲ, ಅಂಟಿಸಿದವು. ನಮ್ಮ ಪಡಸಾಲೆಗೆ ಬಂದು ಅದೇ ಗಡಿಯಾರ ಮನೆಯ ಗೌರವವಾಯಿತು. ನನ್ನ ಅಭಿಪ್ರಾಯ ಕೇಳಿದರೆ ಇದರಲ್ಲಿ ವೆರ್ಕ್‌ಬುಂಡ್‌ನವರಿಗಿಂತ ನಮ್ಮ ಅಜ್ಜಂದಿರೇ ಸರಿ. ಮುಂಬಾಗಿಲ ಚೌಕಟ್ಟಿನಲ್ಲಿ ಹಂಸ, ಬಳ್ಳಿ, ಬೋದಿಗೆಯ ಕೆತ್ತನೆ ನೋಡಿ ಬೆಳೆದ ಕಣ್ಣಿಗೆ ಬೋಳು ಡಬ್ಬಿಯೊಂದು ಗಂಟೆ ಹೊಡೆದರೆ ರುಚಿಸುವುದು ಹೇಗೆ?

ಗ್ಯಾಸ್‌ಲೈಟಿನದು ಇನ್ನೂ ಸ್ವಾರಸ್ಯ. ನಾವು ಎಲ್ಲವನ್ನೂ ಪೆಟ್ರೋಮ್ಯಾಕ್ಸ್ ಎನ್ನುತ್ತೇವೆ, ಆದರೆ ಅದು ಒಂದು ಕಂಪನಿಯ ಗುರುತು, ಬರ್ಲಿನ್ನಿನ ಏರಿಖ್ ಮತ್ತು ಗ್ರೇಟ್ಸ್ ಕಂಪನಿಯದು. ಪೆಟ್ರೋಲಿಯಂನ ‘ಪೆಟ್ರೋ’ಕ್ಕೆ ಮಾಲೀಕ ಮ್ಯಾಕ್ಸ್ ಗ್ರೇಟ್ಸ್‌ನ ಹೆಸರು ಜೋಡಿಸಿದ್ದು. ನಿಮ್ಮದು ಅಸಲಿಯಾದರೆ, ನಿಮ್ಮ ಮಗಳು ಇರುವ ಊರಿನಿಂದಲೇ ಬಂದ ದೀಪ ನಿಮ್ಮ ಅಟ್ಟದಲ್ಲಿತ್ತು. ಟ್ಯಾಂಕಿಯ ಮೇಲೆ ಹೆಸರು ನೋಡಿ; ಹೆಸರೇ ಇಲ್ಲದಿದ್ದರೆ ಇಲ್ಲಿಯ ನಕಲು ಇರಬಹುದು. ಪಂಪು ಹೊಡೆದಾಗ ಸೀಮೆಎಣ್ಣೆ ಕಾದ ಕೊಳವೆಯಲ್ಲಿ ಮೇಲೇರಿ ಆವಿಯಾಗಿ, ಬಟ್ಟೆಯ ಚೀಲದಂಥ ಮ್ಯಾಂಟಲಿನ ಒಳಗೆ ಉರಿಯುತ್ತದೆ. ಬೆಳಕು ಕೊಡುವುದು ಉರಿಯಲ್ಲ, ಮ್ಯಾಂಟಲ್ಲು. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್ ಕಂಡುಹಿಡಿದ ಉಪಾಯ ಅದು. ಥೋರಿಯಂ ಲವಣಕ್ಕೆ ನೂರಕ್ಕೊಂದು ಪಾಲು ಸೀರಿಯಂ ಬೆರೆಸಿ ಬಟ್ಟೆಗೆ ಕುಡಿಸುವುದು. ಮೊದಲ ಸಲ ಹಚ್ಚಿದಾಗ ಬಟ್ಟೆ ಸುಟ್ಟುಹೋಗಿ ಬೂದಿಯ ಬಲೆಯಷ್ಟೇ ಉಳಿಯುತ್ತದೆ, ಬೆಳ್ಳಗೆ ಹೊಳೆಯುವುದು ಆ ಬೂದಿ. ಆ ಥೋರಿಯಂ ಎಲ್ಲಿಯದು? 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಅದನ್ನು ಗುರುತಿಸಿದ. ಆಮೇಲೆ ಆ ಕಡಲತೀರದ ಮರಳು ಹಡಗಿನಲ್ಲಿ ಜರ್ಮನಿಗೆ ಹೋಗತೊಡಗಿತು. ನಮ್ಮೂರ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಮುಖಕ್ಕೆ ಬಿದ್ದ ಸೀಮೆಯ ಬೆಳಕಿನ ಹಿಂದೆ ಪಕ್ಕದ ಸೀಮೆಯ ಮರಳೂ ಇತ್ತು. ದೀಪಕ್ಕೆ ಹಳೆಯ ಮ್ಯಾಂಟಲ್ ಇನ್ನೂ ಅಂಟಿಕೊಂಡಿದ್ದರೆ ಬಾಯಿಂದ ಊದಿ ಉದುರಿಸಬೇಡಿ. ಥೋರಿಯಂ ವಿಕಿರಣ ಸೂಸುವ ಧಾತು, ಅದರ ಪುಡಿ ಎದೆಯೊಳಗೆ ಹೋಗಬಾರದು.

ಮಿಷನ್ನಿನ ವಿಷಯ ಹೆಚ್ಚು ಇಲ್ಲ. ಸಿಂಗರ್ ಅಮೆರಿಕದ ಕಂಪನಿ, ಆದರೆ ಈ ಕಡೆಗೆ ಬಂದ ಬಹಳಷ್ಟು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ತಯಾರಾದವು. ಬುಡದ ಮೇಲಿನ ನಂಬರು ಬರೆದುಕೊಂಡರೆ ತಯಾರಾದ ವರ್ಷವನ್ನು ಪಟ್ಟಿಯಲ್ಲಿ ಹುಡುಕಬಹುದು. ಕಾಫಿಯಂತ್ರದ ಮೇಲೆ ಸಿಂಹವಿದ್ದರೆ ಅದು ಫ್ರಾನ್ಸಿನ ಪ್ಯೂಜೊ ಇದ್ದೀತು. ಕಾರು ಮಾಡುವ ಐವತ್ತು ವರ್ಷ ಮುಂಚೆ, 1840ರಲ್ಲೇ, ಅವರು ಕಾಫಿ ಬೀಜ ಬೀಸುವ ಯಂತ್ರ ಮಾಡಲು ಹಿಡಿದಿದ್ದರು. ಮನೆಯ ಹೆಂಗಸರ ಗಾಜಿನ ಬಳೆಗಳ ಗಂಟೇನಾದರೂ ಸಿಕ್ಕಿದೆಯೇ? ಸಿಕ್ಕಿದ್ದರೆ ಅದನ್ನೂ ಎಸೆಯಬೇಡಿ. ಬೊಹೆಮಿಯಾದ ಯಾಬ್ಲೊನೆಟ್ಸ್ ಎಂಬ ಊರು ಒಂದು ಕಾಲದಲ್ಲಿ ಭಾರತದ ಕೈಗಳಿಗೆಂದೇ ರಾಶಿ ರಾಶಿ ಬಳೆ ಮಾಡಿ ಕಳಿಸುತ್ತಿತ್ತು. ಅಲ್ಲೀಗ ಗಾಜು ಮತ್ತು ಒಡವೆಗಳದೇ ಒಂದು ಮ್ಯೂಸಿಯಂ ಇದೆ.

ತಟ್ಟೆಗೆ ಬರುತ್ತೇನೆ. ನೀವು ಅದನ್ನು ಕೊನೆಗೆ ಬರೆದಿದ್ದೀರಿ, ನನಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು.

ಎನಾಮಲ್ ತಟ್ಟೆ ಎಂದರೆ ಕಬ್ಬಿಣದ ಮೇಲೆ ಗಾಜು. ಗಾಜಿನ ಪುಡಿಯನ್ನು ನೀರಿನಲ್ಲಿ ಕಲಸಿ ತಗಡಿಗೆ ಬಳಿದು, ಸುಮಾರು 800 ಡಿಗ್ರಿ ಶಾಖದ ಕುಲುಮೆಗೆ ಹಾಕಿದರೆ ಕರಗಿ ಹಿಡಿದುಕೊಳ್ಳುತ್ತದೆ. ಬಿಳಿ ಬಣ್ಣ ನೇರ ಕಬ್ಬಿಣಕ್ಕೆ ಕೂರುವುದಿಲ್ಲ. ಮೊದಲು ಕೋಬಾಲ್ಟ್ ಬೆರೆಸಿದ ಕಡುಗಪ್ಪು ನೀಲಿಯ ಒಂದು ಪದರ ಕೊಡಬೇಕು, ಅದರ ಮೇಲೆ ಬಿಳಿ. ನಿಮ್ಮ ತಟ್ಟೆಯಲ್ಲಿ ಚಕ್ಕೆ ಎದ್ದ ಜಾಗ ಇದ್ದೇ ಇರುತ್ತದೆ. ಬಿಸಿಲಿಗೆ ಹಿಡಿದು ನೋಡಿ: ಬಿಳಿಯ ದಂಡೆ, ಒಳಗೆ ನೀಲಿಗಪ್ಪಿನ ಉಂಗುರ, ನಡುವೆ ತುಕ್ಕು. ಪೋಲೆಂಡಿನ ಕ್ರಾಕೊವ್‌ನಲ್ಲಿ ಇಂಥ ಪಾತ್ರೆ ಮಾಡುತ್ತಿದ್ದ ಒಂದು ಕಾರ್ಖಾನೆಯ ಕಟ್ಟಡ 2010ರಿಂದ ಮ್ಯೂಸಿಯಂ ಆಗಿದೆ. ಅದರ ಮಾಲೀಕ ಷಿಂಡ್ಲರ್ ತನ್ನ ಯೆಹೂದಿ ಕೆಲಸಗಾರರನ್ನು ನಾಜಿಗಳಿಂದ ಉಳಿಸಿದ ಕಥೆಯನ್ನು ನೀವು ಸಿನಿಮಾದಲ್ಲಿ ನೋಡಿರಬಹುದು. ಅಲ್ಲಿ ಎನಾಮಲ್ ಪಾತ್ರೆ ನೋಡುವವರು ಪಾತ್ರೆಯನ್ನಷ್ಟೇ ನೋಡುವುದಿಲ್ಲ.

ನಿಮ್ಮ ತಟ್ಟೆ ಅಡುಗೆಮನೆಯಲ್ಲಿ ಏಕೆ ಇರಲಿಲ್ಲ? ಅಟ್ಟದಲ್ಲಿ ಏಕೆ ಇರಲಿಲ್ಲ? ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿತ್ತು ಎಂದು ನೀವೇ ಬರೆದಿದ್ದೀರಿ.

ಬೀರೂರಿನ ಆಚೆ ನನ್ನ ತಾಯಿಯ ತವರಿನಲ್ಲೂ ಅಂಥದೊಂದಿತ್ತು. ನಾವು ಉಣ್ಣುತ್ತಿದ್ದದ್ದು ಮುತ್ತುಗದ ಎಲೆಯಲ್ಲಿ, ಹಬ್ಬಕ್ಕೆ ಬಾಳೆಲೆ, ಗಂಡಸರಿಗೆ ಹಿತ್ತಾಳೆ ಗಂಗಾಳ. ಮನೆಯಲ್ಲಿ ಅಷ್ಟು ಬೆಳ್ಳಗಿನ, ಅಷ್ಟು ಚೆಂದದ ನೀಲಿ ಅಂಚಿನ ಸಾಮಾನು ಬೇರೆ ಇರಲಿಲ್ಲ. ಆರನೆಯ ವಯಸ್ಸಿನಲ್ಲಿ ನನಗೆ ಅದರಲ್ಲೇ ಊಟ ಬೇಕೆಂದು ಹಟ ಹಿಡಿದು, ಸೂರಿನಿಂದ ಎಳೆದು ತಂದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟೆ. ಅಜ್ಜಿ ಸೌಟು ಕೆಳಗೆ ಹಾಕಿದಳು. ನನಗೆ ಪೆಟ್ಟು ಬಿತ್ತು, ತಲೆಗೆ ನೀರು ಬಿತ್ತು, ಹೊಸ್ತಿಲಿಗೆ ಸಗಣಿ ಬಿತ್ತು. ಆ ತಟ್ಟೆ ಗದ್ದೆ ಕೆಲಸಕ್ಕೆ ಬರುತ್ತಿದ್ದವನದು. ಮಧ್ಯಾಹ್ನ ಅವನೇ ಸೂರಿನಿಂದ ತೆಗೆದು ಅಂಗಳದಲ್ಲಿ ಇಡುತ್ತಿದ್ದ, ಮೇಲಿನಿಂದ ಮುದ್ದೆ ಬೀಳುತ್ತಿತ್ತು, ಉಂಡು ತೊಳೆದು ಅವನೇ ಮತ್ತೆ ಸಿಕ್ಕಿಸಿ ಹೋಗುತ್ತಿದ್ದ. ನಮ್ಮ ಅಜ್ಜನಿಗಿಂತ ಹಿರಿಯ. ನಾನು ಅವನನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದೆ. ಈಗ ಬರೆಯುವಾಗಲೂ ಏಕವಚನವೇ ಬಂತು, ನೋಡಿ. ಅವರು ಎಂದು ತಿದ್ದಬಹುದಿತ್ತು. ಆಗ ಹೇಗಿತ್ತೋ ಹಾಗೆಯೇ ಇರಲಿ ಎಂದು ಬಿಟ್ಟಿದ್ದೇನೆ.

ನಿಮ್ಮ ಮನೆಯಲ್ಲೂ ಹೀಗೆಯೇ ಆಗಿತ್ತೆಂದು ನಾನು ಹೇಳುವುದಿಲ್ಲ. ಹಸುವಿಗೆ ಬೂಸಾ ಕಲಸಲು ಇಟ್ಟುಕೊಂಡದ್ದೂ ಇರಬಹುದು. ಮನೆಯಲ್ಲಿ ತೊಂಬತ್ತರ ಹತ್ತಿರದವರು ಯಾರಾದರೂ ಇದ್ದರೆ ಕೇಳಿ. ನೇರ ಕೇಳಿದರೆ ಹೇಳಲಿಕ್ಕಿಲ್ಲ. ತಟ್ಟೆಯನ್ನು ಅವರ ಮುಂದಿಟ್ಟು ಸುಮ್ಮನೆ ಕೂತು ನೋಡಿ.

ಒಂದು ಸಣ್ಣ ವಿಷಯ ಗಮನಿಸಿದ್ದೀರಾ? ನಿಮ್ಮ ಮನೆಯ ಹಿತ್ತಾಳೆ, ತಾಮ್ರದ ಪಾತ್ರೆಗಳ ಕಂಠದ ಮೇಲೆಲ್ಲ ಹೆಸರು ಕೊರೆಸಿರುತ್ತದೆ: ಇಂಥವರ ಮದುವೆಗೆ ಇಂಥವರ ಉಡುಗೊರೆ, ಇಂಥ ವರ್ಷ. ಎನಾಮಲ್ಲಿನ ಮೇಲೆ ಉಳಿ ಇಟ್ಟರೆ ಗಾಜು ಸಿಡಿಯುತ್ತದೆ, ಹೆಸರು ಹೊಡೆಯಲಾಗದು. ಹೊಡೆಯಬಹುದಿದ್ದರೂ ಆ ತಟ್ಟೆಗೆ ಯಾರೂ ಹೊಡೆಸುತ್ತಿರಲಿಲ್ಲ ಎನ್ನಿ. ಹಾಗಾಗಿ ಅದರ ಮೇಲೆ ಉಳಿದದ್ದು ಸಾವಿರಾರು ಮೈಲಿ ಆಚೆಯ ದೇಶದ ಹೆಸರೊಂದೇ.

ಮ್ಯೂಸಿಯಮ್ಮಿಗೆ ಕೊಡಬಹುದೇ ಎಂದರೆ, ನಮ್ಮಲ್ಲಿ ಮ್ಯೂಸಿಯಮ್ಮುಗಳಿಗೆ ಸಾಮಾನ್ಯವಾಗಿ ಎರಡೇ ಬಾಗಿಲು. ಒಂದು ಅರಮನೆಯದು: ಮೈಸೂರಿನ ಜಗನ್ಮೋಹನದಲ್ಲಿ ಗಂಟೆಗೊಮ್ಮೆ ಪುಟ್ಟ ಸಿಪಾಯಿಗಳು ಕವಾಯತು ಮಾಡುವ ಫ್ರಾನ್ಸಿನ ಗಡಿಯಾರವಿದೆ, ದೊಡ್ಡ ಅರಮನೆಯಲ್ಲಿ ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳಿವೆ. ಇನ್ನೊಂದು ಜಾನಪದದ್ದು: ಮಾನಸಗಂಗೋತ್ರಿಯ ಸಂಗ್ರಹ, ರಾಮನಗರದ ಜಾನಪದ ಲೋಕ. ಅಲ್ಲಿ ಬೀಸುಕಲ್ಲಿಗೆ, ಕಡೆಗೋಲಿಗೆ, ಸೇರು ಪಾವಿಗೆ ಮಣೆ. ಕಾರ್ಖಾನೆಯಲ್ಲಿ ಹುಟ್ಟಿ ಕೊಟ್ಟಿಗೆಯಲ್ಲಿ ಬಾಳಿದ ಪರದೇಶಿ ತಟ್ಟೆ ಅರಮನೆಗೂ ಸಲ್ಲದು, ಜಾನಪದಕ್ಕೂ ಸಲ್ಲದು. ಎರಡೂ ಅಲ್ಲದ ಸಾಮಾನಿಗೆ ಜಾಗ ಕೊಟ್ಟವರು ಕಡಿಮೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಹಳೆಯ ಪೇಟೆ ಬೀದಿಯನ್ನೇ ಅಂಗಡಿಗಳ ಸಮೇತ ನಿಲ್ಲಿಸಿದ್ದಾರೆ. ಧರ್ಮಸ್ಥಳದ ಮಂಜೂಷಾದಲ್ಲಿ ಗಡಿಯಾರ, ಕ್ಯಾಮೆರಾಗಳ ರಾಶಿಯೇ ಇದೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆಂದು ಊರ ಶಾಲೆಯ ಒಂದು ಖಾಲಿ ಕೋಣೆ ಸಿಕ್ಕರೂ ಸಾಕು, ಎಷ್ಟೋ ಮನೆಗಳ ಅಟ್ಟ ಅದಕ್ಕೆ ಬಂದೀತು. ಇನ್ನೊಂದು ಮಾತು: ನೂರು ವರ್ಷ ದಾಟಿದ ಸಾಮಾನು 1972ರ ಪುರಾವಸ್ತು ಕಾಯಿದೆಯ ಕೈಗೆ ಬರಬಹುದು, ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಗಡಿಯಾರವನ್ನು ಮಗಳಿಗೆಂದು ಬರ್ಲಿನ್‌ಗೆ ಒಯ್ಯುವ ಯೋಚನೆ ಇದ್ದರೆ ಮೊದಲು ವಿಚಾರಿಸಿಕೊಳ್ಳಿ.

ಎಲ್ಲಿಗೇ ಕೊಡಿ, ಬರಿಗೈಯಲ್ಲಿ ಕೊಡಬೇಡಿ. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿ. ಗಡಿಯಾರದ ಚೀಟಿ ನೀವೇ ಬರೆದೀರಿ. ತಟ್ಟೆಯದಕ್ಕೆ ನನಗೆ ತೋಚಿದ್ದು ಹೀಗೆ. ಬಿಟ್ಟ ಜಾಗ ನಿಮ್ಮ ಮನೆಯ ಹಿರಿಯರಿಂದ ತುಂಬಬೇಕು:

ಎನಾಮಲ್ ತಟ್ಟೆ. ತಯಾರಿ: ಝೆಕೊಸ್ಲೊವಾಕಿಯಾ, 1918ರ ನಂತರ. ಸಿಕ್ಕ ಸ್ಥಳ: ಅಜ್ಜಂಪುರದ ಬಳಿಯ ಒಂದು ಮನೆ, ಕೊಟ್ಟಿಗೆಯ ಸೂರು. ತಂದವರು: ಮನೆಯ ಯಜಮಾನರು. ಉಂಡವರು: ............